ಮಾರನೆಯ ಬೆಳಗ್ಗೆ ಕಾಲೂರಬೇಕು

ಎಂಬತ್ತೆಂಟು ವರ್ಷದ ಆ ಅಜ್ಜಿಯನ್ನು ಮಲೆನಾಡಿನ ಒಂದು ಹಳ್ಳಿಯಿಂದ ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕರೆತಂದಿದ್ದರು. ಸ್ಟ್ರೆಚರಿಗೆ ಎತ್ತಿ ಹಾಕುವಾಗಲೇ ಬಲಗಾಲು ಹೊರಕ್ಕೆ ಹೊರಳಿ, ಎಡಗಾಲಿಗಿಂತ ಎರಡು ಬೆರಳು ಗಿಡ್ಡವಾಗಿರುವುದು ಕಣ್ಣಿಗೆ ಬಿತ್ತು. "ಹದಿನಾಲ್ಕು ವರ್ಷದ ಕೆಳಗೆ ಬಚ್ಚಲಲ್ಲಿ ಜಾರಿ ಬಿದ್ದು ಚಪ್ಪೆ ಮುರ್ದಿತ್ತು ಸಾರ್, ಆಗ ಬಾಲ್ ಹಾಕಿದ್ರು. ಈಗ ಐದು ತಿಂಗಳಿಂದ ಎದ್ದಿಲ್ಲ" ಎಂದರು ಸೊಸೆ. ಅವರಿಗೂ ಅರವತ್ತು ದಾಟಿತ್ತು. ಅತ್ತೆಯನ್ನು ಎತ್ತಿ ಇಳಿಸಿ ಅವರ ಬೆನ್ನೇ ಬಾಗಿತ್ತು.

ನಾನು ಕುರ್ಚಿ ಎಳೆದುಕೊಂಡು ಅಜ್ಜಿಯ ಕಿವಿಯ ಹತ್ತಿರ ಕೂತೆ. "ಅಜ್ಜೀ, ಆಪರೇಷನ್ ಮಾಡಿದ್ರೆ ನಿಮಗೆ ಎಂತ ಮಾಡೋಕೆ ಆಗ್ಬೇಕು?"

"ಬಚ್ಚಲಿಗೆ ನಾನೇ ಹೋಗ್ಬೇಕು. ಮತ್ತೆಂತದೂ ಬ್ಯಾಡ."

ಆ ಮಾತನ್ನು ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಬರೆದುಕೊಂಡೆ. ಇದು ನನಗೆ ಹುಟ್ಟಿನಿಂದ ಬಂದ ಅಭ್ಯಾಸವಲ್ಲ, ಒಬ್ಬ ಮೇಷ್ಟ್ರನ್ನು ಕಳೆದುಕೊಂಡ ಮೇಲೆ ಬಂದದ್ದು. ಅವರ ವಿಷಯ ಮುಂದೆ ಹೇಳುತ್ತೇನೆ. (ಇಲ್ಲಿ ಬರುವ ಎಲ್ಲರ ವಿವರಗಳನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ.)

ಜನ 'ಬಾಲ್ ಹಾಕಿದ್ದಾರೆ' ಅನ್ನುವುದು ಹೆಚ್ಚಾಗಿ ಆಸ್ಟಿನ್ ಮೂರ್ ಎಂಬ ಅಮೆರಿಕದ ಸರ್ಜನ್ ರೂಪಿಸಿದ ಲೋಹದ ಕೀಲಿಗೆ. 1950ರ ದಶಕದ ಈ ವಿನ್ಯಾಸ ನಮ್ಮಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಅಗ್ಗ, ಮೂಳೆಗೆ ಲೋಹವನ್ನು ಹಿಡಿಸುವ ಸಿಮೆಂಟ್ ಬೇಡ, ಬೇಗ ಮುಗಿಯುತ್ತದೆ. ತೊಡೆಮೂಳೆಯ ತಲೆ ತೆಗೆದು ಆ ಜಾಗಕ್ಕೆ ಲೋಹದ ಗುಂಡು ಕೂರಿಸುತ್ತಾರೆ, ಅದರ ಕಾಂಡ ಮೂಳೆಯ ಕೊಳವೆಯೊಳಗೆ ಇಳಿಯುತ್ತದೆ. ಸೊಂಟದ ಬಟ್ಟಲನ್ನು ಮಾತ್ರ ಮುಟ್ಟುವುದಿಲ್ಲ. ವಯಸ್ಸಾದವರಿಗೆ ಉಳಿದ ಆಯಸ್ಸಿಗೆ ಇಷ್ಟು ಸಾಕು ಎಂಬುದು ಅಂದಿನ ಲೆಕ್ಕ. ಆಯಸ್ಸು ಆ ಲೆಕ್ಕವನ್ನು ಮೀರಿ ಬೆಳೆದಿದೆ. ಲೋಹದ ಗುಂಡು ಬಟ್ಟಲಿನ ಮೆತ್ತೆಯನ್ನು ವರ್ಷಗಟ್ಟಲೆ ಉಜ್ಜಿ, ತೇಯಿಸಿ, ಮೇಲಕ್ಕೆ ಒಳಕ್ಕೆ ಸರಿಯುತ್ತದೆ. ಕಾಂಡ ಸಡಿಲವಾಗಿ ಕೆಳಗಿಳಿಯುತ್ತದೆ.

ಎರಡರಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ನೋವಿನ ಜಾಗವೇ ಮುಕ್ಕಾಲು ಪಾಲು ಹೇಳುತ್ತದೆ. ತೊಡೆಸಂದಿಯಲ್ಲಿ ನೋವೆಂದರೆ ಬಟ್ಟಲು. ತೊಡೆಯ ಮಧ್ಯದಲ್ಲಿ ನೋವು, ಅದೂ ಕೂತವರು ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಜೀವ ಹೋದಂತಾಗಿ ಆಮೇಲೆ ತುಸು ಇಳಿಯುವ ನೋವೆಂದರೆ ಸಡಿಲವಾದ ಕಾಂಡ. ಅಜ್ಜಿಗೆ ಎರಡೂ ಇತ್ತು. ಎಕ್ಸ್‌ರೇಯಲ್ಲಿ ಗುಂಡು ಬಟ್ಟಲಿನ ತಳಕ್ಕೆ ನಾಟಿತ್ತು. ಕಾಂಡ ಓರೆಯಾಗಿ, ಅದರ ತುದಿ ತೊಡೆಮೂಳೆಯ ಹೊರಗೋಡೆಯನ್ನು ಒಳಗಿಂದ ಕೊರೆದು ತೆಳ್ಳಗೆ ಮಾಡಿತ್ತು. ಹೀಗೇ ಬಿಟ್ಟರೆ ಯಾವತ್ತಾದರೂ ಮಗ್ಗುಲು ಬದಲಿಸುವಾಗಲೇ ಮೂಳೆ ಮುರಿಯಬಹುದಿತ್ತು.

ಇನ್ನು ಮೇಷ್ಟ್ರ ವಿಷಯ. ನಾನು ಕೆಟ್ಟ ಹಳೆಯ ಕೀಲು ತೆಗೆದು ಹೊಸದು ಕೂರಿಸುವ ಮರುಶಸ್ತ್ರಚಿಕಿತ್ಸೆ ಕಲಿತು ಬಂದ ಹೊಸತು, ಅವರಿಗೆ ತೊಂಬತ್ತೊಂದು. ಬಟ್ಟಲಿನ ಮೂಳೆ ಬಹಳ ಹೋಗಿತ್ತು. ಮೂಳೆಯ ಚೂರುಗಳನ್ನು ಒತ್ತಿ ತುಂಬಿ, ಜಾಲರಿ ಕೂರಿಸಿ, ಸ್ಕ್ರೂ ಹಾಕಿ ನಾಲ್ಕು ಗಂಟೆ ಕೆಲಸ ಮಾಡಿದೆ. ಎಕ್ಸ್‌ರೇ ಪುಸ್ತಕದಲ್ಲಿ ಅಚ್ಚು ಹಾಕುವಷ್ಟು ಚೆನ್ನಾಗಿತ್ತು. ಒಳಗೆ ತುಂಬಿದ ಮೂಳೆ ಕೂಡಿಕೊಳ್ಳಲಿ ಎಂದು "ಆರು ವಾರ ಆ ಕಾಲಿಗೆ ಭಾರ ಹಾಕಬೇಡಿ" ಎಂದು ಬರೆದುಕೊಟ್ಟೆ. ತೊಂಬತ್ತೊಂದರ ಮನುಷ್ಯನಿಗೆ ಒಂದೇ ಕಾಲಲ್ಲಿ ವಾಕರ್ ಹಿಡಿದು ಕುಪ್ಪಳಿಸುವ ರಟ್ಟೆ ಎಲ್ಲಿಂದ ಬರಬೇಕು? ಅರ್ಧ ಭಾರ, ಕಾಲು ಭಾರ ಎಂಬ ಲೆಕ್ಕ ಆ ವಯಸ್ಸಿನಲ್ಲಿ ಯಾರಿಗೂ ಆಗುವುದಿಲ್ಲ. ಅವರು ಹಾಸಿಗೆ ಹಿಡಿದರು. ಮೂರನೇ ವಾರಕ್ಕೆ ಹಿಮ್ಮಡಿಯಲ್ಲೂ ಬೆನ್ನಿನ ಕೆಳಗೂ ಹುಣ್ಣು, ಏಳನೇ ವಾರಕ್ಕೆ ನ್ಯುಮೋನಿಯಾ. ಹತ್ತನೇ ವಾರ ತೀರಿಕೊಂಡರು. ಅವರ ಮಗ ನನ್ನ ಕೈ ಹಿಡಿದು "ನೀವು ಮಾಡೋದೆಲ್ಲ ಮಾಡಿದ್ರಿ" ಎಂದ. ಮಾಡಬಾರದ್ದನ್ನೇ ಮಾಡಿದ್ದೆ. ಮೂವತ್ತು ವರ್ಷ ಬಾಳುವ ಕೀಲನ್ನು ಕಟ್ಟಲು ಹೊರಟು, ಅವರ ಕೈಯಲ್ಲಿದ್ದ ಆರು ವಾರವನ್ನು ಕಳೆದಿದ್ದೆ.

ಅಂದಿನಿಂದ ಎಂಬತ್ತೈದರ ಮೇಲಿನವರಿಗೆ ನನ್ನ ಯೋಜನೆ ಕೊನೆಯಿಂದ ಮೊದಲಿಗೆ ಸಾಗುತ್ತದೆ. ಶಸ್ತ್ರಚಿಕಿತ್ಸೆಯ ಮಾರನೆಯ ಬೆಳಗ್ಗೆ ಅವರು ಪೂರ್ತಿ ಭಾರ ಹಾಕಿ ನಿಲ್ಲಬೇಕು. ಹಾಗೆ ನಿಲ್ಲಲು ಬಿಡುವ ಕೆಲಸ ಯಾವುದು? ಬಟ್ಟಲಿಗೆ ಏನು, ಕಾಂಡಕ್ಕೆ ಏನು? ನಿಲ್ಲಲು ಬಿಡದ ಕೆಲಸ ಎಷ್ಟೇ ಸೊಗಸಾಗಿದ್ದರೂ ಅದನ್ನು ಕೈಬಿಡುತ್ತೇನೆ.

ಅಜ್ಜಿಯನ್ನು ನೇರವಾಗಿ ಟೇಬಲ್ಲಿಗೆ ಹತ್ತಿಸಲಿಲ್ಲ. ಹತ್ತು ದಿನ ತಯಾರಿ ನಡೆಯಿತು. ಹಳೆಯ ಲೋಹ ಸಡಿಲವಾಗಿದೆ ಎಂದರೆ ಮೊದಲ ಪ್ರಶ್ನೆ ಸೋಂಕು. ಇಎಸ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ ವಯಸ್ಸಾದವರಲ್ಲಿ ಏನಿಲ್ಲದೆಯೂ ಏರಿರುತ್ತದೆ, ಅದೊಂದನ್ನೇ ನಂಬಲಾಗದು. ಸಿಆರ್‌ಪಿ ಎಂಬ ಇನ್ನೊಂದು ರಕ್ತಪರೀಕ್ಷೆಯನ್ನೂ ನೋಡಿದೆವು, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಕೆಳಗೆ ಕೀಲಿಗೆ ಸೂಜಿ ಹಾಕಿ ನೀರು ತೆಗೆದು ಜೀವಕೋಶ ಎಣಿಸಲೂ ಕ್ರಿಮಿ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರಿಗೂ ಕಳಿಸಿದೆವು. ಇದಕ್ಕೆ ಮುಂಚೆ ಎರಡು ವಾರ ಯಾವ ಆಂಟಿಬಯಾಟಿಕ್ಕೂ ಒಳಗೆ ಹೋಗಿರಬಾರದು. ಊರಿನ ಮೆಡಿಕಲ್ ಶಾಪಿನಿಂದ ತಂದು ನುಂಗಿದ ಮಾತ್ರೆಗಳನ್ನೂ ಮನೆಯವರಿಂದ ಕೇಳಿ ತಿಳಿಯಬೇಕು. ಇಲ್ಲವಾದರೆ ಕ್ರಿಮಿ ಅಡಗಿ ಕೂರುತ್ತದೆ, ವರದಿ ಸುಳ್ಳು ಹೇಳುತ್ತದೆ. ಅಜ್ಜಿಗೆ ಸೋಂಕಿನ ಸುಳಿವು ಸಿಗಲಿಲ್ಲ.

ಸಿಕ್ಕಿದ್ದು ರಕ್ತದಲ್ಲಿ ಕಡಿಮೆಯಾದ ಸೋಡಿಯಂ. 126. ಬಿಪಿಗೆಂದು ವರ್ಷಗಳಿಂದ ನುಂಗುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು, ಊಟ ಬರೀ ಗಂಜಿ ನೀರು. ಸೋಡಿಯಂ ಕಡಿಮೆಯಾದ ಮುದುಕರು ತೂರಾಡುತ್ತಾರೆ, ಬೀಳುತ್ತಾರೆ, ಮಂಕಾಗುತ್ತಾರೆ. ಮನೆಯವರು 'ವಯಸ್ಸಾಯ್ತಲ್ಲ' ಎಂದುಕೊಂಡು ಸುಮ್ಮನಾಗುತ್ತಾರೆ. ನಮ್ಮ ಫಿಜಿಷಿಯನ್ ಆ ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟರು, ನಿಧಾನವಾಗಿ ಏರಿಸಿದರು. 24 ಗಂಟೆಯಲ್ಲಿ 8ಕ್ಕಿಂತ ಹೆಚ್ಚು ಏರಗೊಡಬಾರದು, ಅವಸರ ಮಾಡಿದರೆ ಮಿದುಳಿಗೇ ಪೆಟ್ಟು. ಆರನೇ ದಿನಕ್ಕೆ 134ಕ್ಕೆ ಬಂತು. ಆ ಹೊತ್ತಿಗೆ ಅಜ್ಜಿಯ ಮಾತೂ ಚುರುಕಾಗಿತ್ತು. ಹಿಮೋಗ್ಲೋಬಿನ್ 9.2 ಇತ್ತು, ರಕ್ತನಾಳಕ್ಕೆ ಕಬ್ಬಿಣಾಂಶ ಕೊಟ್ಟೆವು, ಎರಡು ಬಾಟಲಿ ರಕ್ತ ಹೊಂದಿಸಿಟ್ಟೆವು. ಎದೆಯಲ್ಲಿ ಸಣ್ಣ ಮರ್ಮರ ಕೇಳಿದ್ದರಿಂದ ಎಕೋ ಮಾಡಿಸಿದೆವು. ಹೃದಯದ ಮಹಾಪಧಮನಿಯ ಕವಾಟ ತೀರಾ ಕಿರಿದಾಗಿದ್ದರೆ ಬೆನ್ನಿಗೆ ಕೊಡುವ ಅರಿವಳಿಕೆಯಲ್ಲಿ ಬಿಪಿ ಕುಸಿದು ಕೈಮೀರುತ್ತದೆ. ಅಜ್ಜಿಯದು ಅಷ್ಟೇನೂ ಕೆಟ್ಟಿರಲಿಲ್ಲ.

ಮನೆಯವರಿಗೆ ನಾನು ಒತ್ತಿ ಹೇಳಿದ್ದು ಊಟದ ಬಗ್ಗೆ. ಗಂಜಿ ತಿಳಿ ಸಾಲದು. ಬೇಳೆ, ಮೊಳಕೆ ಬರಿಸಿದ ಹೆಸರುಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ. ಗಾಯ ಕೂಡಿಸುವುದು ನನ್ನ ದಾರವಲ್ಲ, ಅವರ ಮೈಯಲ್ಲಿರುವ ಪ್ರೋಟೀನು.

ಸಣ್ಣ ಊರಿನಲ್ಲಿ ಈ ಕೆಲಸ ಮಾಡುವವರಿಗೆ ಇನ್ನೊಂದು ಚಿಂತೆ ಇರುತ್ತದೆ. ಮರುಶಸ್ತ್ರಚಿಕಿತ್ಸೆಯ ಸಾಮಾನು ನಮ್ಮ ಕಪಾಟಿನಲ್ಲಿರುವುದಿಲ್ಲ. ಎಲ್ಲ ಅಳತೆಯ ಬಟ್ಟಲು, ಕಾಂಡ, ಹಳೆಯದನ್ನು ಎಳೆಯುವ ಉಪಕರಣ, ಮೂಳೆ ಬಿಗಿಯುವ ಕೇಬಲ್, ಎಲ್ಲವೂ ಪೆಟ್ಟಿಗೆ ಪೆಟ್ಟಿಗೆಯಾಗಿ ಬೆಂಗಳೂರಿನಿಂದ ಬರಬೇಕು. ಹಿಂದೊಮ್ಮೆ ಬೆಳಗ್ಗೆ ಬಂದ ಪೆಟ್ಟಿಗೆಯಲ್ಲಿ ಬೇಕಾದ ಅಳತೆಯೇ ಇರಲಿಲ್ಲ, ರೋಗಿ ಖಾಲಿ ಹೊಟ್ಟೆಯಲ್ಲಿ ಕಾದು ವಾರ್ಡಿಗೆ ವಾಪಸಾದರು. ಈಗ ಒಂದು ದಿನ ಮೊದಲೇ ತರಿಸಿ, ನಾನೇ ಕೂತು ಒಂದೊಂದೇ ಎಣಿಸುತ್ತೇನೆ, ಆಮೇಲೇ ಕ್ರಿಮಿಶುದ್ಧಿಗೆ ಆಟೋಕ್ಲೇವಿಗೆ. ಖರ್ಚನ್ನೂ ಮೊದಲೇ ಬಿಡಿಸಿ ಹೇಳಬೇಕು. 2017ರಲ್ಲಿ ಮಂಡಿಯ ಕೀಲುಗಳ ಬೆಲೆಗೆ ಕೇಂದ್ರ ಸರ್ಕಾರ ಮಿತಿ ಹಾಕಿದಾಗ ಸೊಂಟದ ಕೀಲು ಅದರಲ್ಲಿ ಸೇರಲಿಲ್ಲ. ಮರುಶಸ್ತ್ರಚಿಕಿತ್ಸೆಯ ಕಾಂಡವೊಂದಕ್ಕೇ ಸಾಮಾನ್ಯ ಕುಟುಂಬ ತೋಟದ ಒಂದು ಫಸಲನ್ನು ಇಡಬೇಕಾಗುತ್ತದೆ.

ಆ ದಿನದ ಪಟ್ಟಿಯಲ್ಲಿ ಅಜ್ಜಿಯದೇ ಮೊದಲ ಸರದಿ. ಅತಿ ವಯಸ್ಸಾದವರನ್ನು ಮಧ್ಯಾಹ್ನದವರೆಗೆ ಉಪವಾಸ ಕೆಡವುವುದು ತಪ್ಪು. ಎರಡು ಗಂಟೆ ಮುಂಚಿನವರೆಗೂ ತಿಳಿನೀರು ಕುಡಿಸಿದ್ದೆವು. ಬೆನ್ನಿಗೆ ಕಡಿಮೆ ಪ್ರಮಾಣದ ಅರಿವಳಿಕೆ, ಜೊತೆಗೆ ಎಪಿಡ್ಯೂರಲ್ ನಳಿಕೆ. ಬೆಚ್ಚನೆ ಗಾಳಿಯ ಹೊದಿಕೆ, ಬೆಚ್ಚಗೆ ಮಾಡಿದ ಸಲೈನ್. ಗಾಯ ಬಿಡಿಸುವ ಮುಂಚೆ ಒಂದು ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್. ಈ ಔಷಧ ರಕ್ತಸ್ರಾವವನ್ನು ಎಷ್ಟು ತಗ್ಗಿಸುತ್ತದೆಂದರೆ, ಇದಿಲ್ಲದೆ ನಾವು ಮೊದಲು ಹೇಗೆ ಕೆಲಸ ಮಾಡುತ್ತಿದ್ದೆವು ಎನಿಸುತ್ತದೆ.

ಹಿಂಭಾಗದ ಹಳೆಯ ಗಾಯದ ಗೆರೆಯಲ್ಲೇ ಒಳಗೆ ಹೋದೆ. ಕಾಂಡ ಸಡಿಲವಿದೆ, ಎಳೆದರೆ ಬರುತ್ತದೆ ಎಂದುಕೊಂಡು ಸುತ್ತಿಗೆ ಎತ್ತುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಆಸ್ಟಿನ್ ಮೂರ್ ಕಾಂಡದ ಮೇಲ್ಭಾಗದಲ್ಲಿ ಎರಡು ಕಿಟಕಿಗಳಿವೆ. ವರ್ಷಗಳಲ್ಲಿ ಮೂಳೆ ಆ ಕಿಟಕಿಗಳ ಮೂಲಕ ಸೇತುವೆ ಕಟ್ಟಿಕೊಳ್ಳುವುದುಂಟು. ಕಾಂಡದ ಹೊರಭುಜದ ಮೇಲೂ ಮೂಳೆ ಬೆಳೆದು ಮುಚ್ಚಿರುತ್ತದೆ. ಅದನ್ನು ಬಿಡಿಸದೆ ಹೊಡೆದರೆ ಕಾಂಡದ ಜೊತೆ ತೊಡೆಮೂಳೆಯ ಹೊರಗುಬ್ಬು, ಅಂದರೆ ನಡೆಯುವಾಗ ಸೊಂಟ ವಾಲದಂತೆ ಹಿಡಿಯುವ ಸ್ನಾಯು ಅಂಟಿಕೊಂಡ ಮೂಳೆಯೇ ಕಿತ್ತು ಬರುತ್ತದೆ. ಇಪ್ಪತ್ತು ನಿಮಿಷ ತೆಳು ಉಳಿಗಳಲ್ಲಿ ಭುಜ ಬಿಡಿಸಿ, ಕಿಟಕಿಯ ಸೇತುವೆ ಕಡಿದೆ. ಆಮೇಲೆ ಮೂರೇ ಪೆಟ್ಟು, ಹೊರಬಂತು. ಬರದಿದ್ದರೆ ತೊಡೆಮೂಳೆಯ ಹೊರಗೋಡೆಯನ್ನು ಉದ್ದಕ್ಕೆ ಕಿಟಕಿಯಂತೆ ಬಿಡಿಸಿ ಆಮೇಲೆ ಕೇಬಲ್ಲಿನಿಂದ ಕಟ್ಟುವ ದಾರಿಯೂ ಇದೆ, ಆದರೆ ಈ ವಯಸ್ಸಿನಲ್ಲಿ ಅದಿಲ್ಲದೆ ಮುಗಿದರೆ ನನಗೆ ನೆಮ್ಮದಿ. ಬೇರೆ ಬೇರೆ ಉಪಕರಣಗಳಲ್ಲಿ ಐದು ಕಡೆಯಿಂದ ತುಣುಕು ತೆಗೆದು ಕಲ್ಚರಿಗೆ ಕಳಿಸಿದೆ. ಹದಿನಾಲ್ಕು ದಿನ ಕಾಯಿಸಲು ಹೇಳಿದೆ. ನಿಧಾನವಾಗಿ ಬೆಳೆಯುವ ಕ್ರಿಮಿಗಳು ಐದು ದಿನದಲ್ಲಿ ಕಾಣಿಸುವುದಿಲ್ಲ.

ಬಟ್ಟಲಿನ ಮೂಳೆ ಮುಟ್ಟಿದರೆ ಉದುರುವಂತಿತ್ತು. ತುರಿಯುವ ಯಂತ್ರವನ್ನು ಉಲ್ಟಾ ತಿರುಗಿಸಿ, ಕೊರೆಯದೆ ಬರೀ ಒತ್ತಿ ನಯ ಮಾಡಿದೆ, ತಳದ ತೆಳು ಗೋಡೆ ತೂತಾಗದಿರಲಿ ಎಂದು. ಒಳಗೆ ಕೂರಿಸಿದ್ದು ಎರಡು ಕಡೆ ತಿರುಗುವ ಕೀಲು, ಸಿಮೆಂಟಿನಲ್ಲಿ. ಫ್ರಾನ್ಸಿನ ಜಿಲ್ ಬುಸ್ಕೆ 1970ರ ದಶಕದಲ್ಲಿ ಕಂಡುಕೊಂಡ ಉಪಾಯ ಇದು: ಸಣ್ಣ ಲೋಹದ ಗುಂಡು ದೊಡ್ಡ ಪ್ಲಾಸ್ಟಿಕ್ ಗುಂಡಿನೊಳಗೆ ತಿರುಗುತ್ತದೆ, ಆ ದೊಡ್ಡ ಗುಂಡು ಲೋಹದ ಬಟ್ಟಲಿನೊಳಗೆ ತಿರುಗುತ್ತದೆ. ಕೀಲು ಜಾರುವ ಸಂಭವ ಬಹಳ ಕಡಿಮೆ. ಸ್ನಾಯು ಸೋತ, ಕಾಲು ಹೇಗಿಡಬೇಕೆಂದು ಹೇಳಿದ್ದನ್ನು ಮರೆಯುವ, ಹುಟ್ಟಿದಾಗಿನಿಂದ ನೆಲದ ಮೇಲೆ ಕೂತು ಅಭ್ಯಾಸವಾದ ಜೀವಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮೇಷ್ಟ್ರಿಗೆ ಮಾಡಿದಂತೆ ಮೂಳೆ ತುಂಬಿ ಬಟ್ಟಲು ಕಟ್ಟಬಹುದಿತ್ತು. ಮಾಡಲಿಲ್ಲ.

ಕಾಂಡಕ್ಕೆ ಮಾತ್ರ ಸಿಮೆಂಟ್ ಬೇಡವೆಂದು ತೀರ್ಮಾನಿಸಿದ್ದೆ. ಸಡಿಲ ಕಾಂಡ ಅಲುಗಾಡಿ ಅಲುಗಾಡಿ ಕೊಳವೆಯ ಒಳಗೋಡೆ ಗಾಜಿನ ಹಾಗೆ ನುಣುಪಾಗಿತ್ತು, ಸಿಮೆಂಟ್ ಅಲ್ಲಿ ಹಿಡಿಯುವುದಿಲ್ಲ. ಅಲ್ಲದೆ ಉದ್ದನೆಯ ಕೊಳವೆಗೆ ಸಿಮೆಂಟ್ ಒತ್ತುವಾಗ ಕೊಬ್ಬಿನ ಕಣಗಳು ರಕ್ತಕ್ಕೆ ಸೇರಿ ಶ್ವಾಸಕೋಶ, ಹೃದಯ ಕುಸಿಯುವ ಭಯ ಇದ್ದೇ ಇದೆ. ಜರ್ಮನಿಯ ಹೈಂಜ್ ವ್ಯಾಗ್ನರ್ 1987ರಲ್ಲಿ ಬಳಕೆಗೆ ತಂದ ಮಾದರಿಯ ಟೈಟೇನಿಯಂ ಕಾಂಡ ತೆಗೆದುಕೊಂಡೆ. ಗೂಟದ ಹಾಗೆ ಕೆಳಗೆ ಚೂಪಾಗುತ್ತಾ ಹೋಗುವ, ಉದ್ದಕ್ಕೂ ಏಣುಗಳಿರುವ ಕಾಂಡ. ಮೇಲಿನ ಕೆಟ್ಟ ಮೂಳೆಯನ್ನು ದಾಟಿ ಕೆಳಗಿನ ಗಟ್ಟಿ ಮೂಳೆಯಲ್ಲಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ತೆಳ್ಳಗಾದ ಜಾಗಕ್ಕೆ ಕಾಂಡ ಹೊಡೆಯುವ ಮೊದಲೇ ಎರಡು ಕೇಬಲ್ ಸುತ್ತಿದೆ. ಸೀಳಿದ ಮೇಲೆ ಕಟ್ಟುವುದಕ್ಕಿಂತ ಸೀಳದಂತೆ ಕಟ್ಟುವುದು ಲೇಸು. ಕೊನೆಯ ಪೆಟ್ಟುಗಳಲ್ಲಿ ಸುತ್ತಿಗೆಯ ಸದ್ದು ಬದಲಾಗುತ್ತದೆ, ಟೊಳ್ಳು ಸದ್ದು ಹೋಗಿ ಗಟ್ಟಿ ಟಣ್ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಚರ್ಮ ಹೊಲಿದು ಮುಗಿಸುವಾಗ ಶುರುಮಾಡಿ ಎರಡು ಗಂಟೆ ಹತ್ತು ನಿಮಿಷವಾಗಿತ್ತು.

ಮಾರನೆಯ ಬೆಳಗ್ಗೆ ಹತ್ತೂವರೆಗೆ ಫಿಸಿಯೋಥೆರಪಿಸ್ಟ್ ಮತ್ತು ನರ್ಸ್ ಎರಡು ಕಡೆ ಹಿಡಿದು ನಿಲ್ಲಿಸಿದರು. ಅಜ್ಜಿ ವಾಕರ್ ಹಿಡಿದು ನೆಲ ನೋಡುತ್ತಾ ನಿಂತರು. "ಪೂರ್ತಿ ಊರ್ಲಾ?" ಎಂದು ಕೇಳಿದರು. "ಪೂರ್ತಿ ಊರಿ ಅಜ್ಜಿ." ಆರು ಹೆಜ್ಜೆ.

ಎಲ್ಲ ಸುಸೂತ್ರ ಎಂದುಕೊಂಡೆವು. ಎರಡನೇ ರಾತ್ರಿ ಅಜ್ಜಿ ಕೊಟ್ಟಿಗೆಯ ದನಗಳನ್ನು ಹೆಸರು ಹಿಡಿದು ಕರೆಯುತ್ತಾ, ಮಂಚದಿಂದ ಇಳಿಯಲು ನೋಡಿದರು. ಸೊಸೆಯನ್ನೇ ಗುರುತಿಸಲಿಲ್ಲ. ಮನೆಯವರು ಬೆಚ್ಚಿ ಬಿದ್ದರು. ಮಿದುಳಿಗೆ ಏನೋ ಆಗಿಹೋಯಿತು ಎಂದು ಅಳು. ಇದು ಅರವತ್ತರವರಿಗೂ ಬರಬಹುದಾದ ತಾತ್ಕಾಲಿಕ ಗೊಂದಲ. ಎಂಬತ್ತು ದಾಟಿದವರಲ್ಲಿ ಇದನ್ನು ಎದುರು ನೋಡಿಯೇ ಇರಬೇಕು. ಇಂಥ ಹೊತ್ತಲ್ಲಿ ಕೈಕಟ್ಟುವುದು, ನಿದ್ದೆಯ ಇಂಜೆಕ್ಷನ್ ಕೊಡುವುದು ಎರಡೂ ಗೊಂದಲವನ್ನು ಹೆಚ್ಚಿಸುತ್ತವೆ. ಕಾರಣ ಹುಡುಕಬೇಕು. ಆಮ್ಲಜನಕ ಸರಿಯಿತ್ತು, ಸೋಡಿಯಂ 132. ಮೂತ್ರದ ನಳಿಕೆಯನ್ನು ಬೆಳಗ್ಗೆ ತೆಗೆದಿದ್ದರು, ಆಮೇಲೆ ಮೂತ್ರ ಸರಿಯಾಗಿ ಹೋಗಿರಲಿಲ್ಲ. ಸ್ಕ್ಯಾನಿನಲ್ಲಿ ಮೂತ್ರಕೋಶ ತುಂಬಿ ಊದಿಕೊಂಡಿತ್ತು. ಒಮ್ಮೆ ಖಾಲಿ ಮಾಡಿಸಿದೆವು. ನೋವಿಗೆ ಯಾರೋ ರಾತ್ರಿ ಪಾಳಿಯಲ್ಲಿ ಟ್ರಾಮಡಾಲ್ ಬರೆದಿದ್ದರು, ನಿಲ್ಲಿಸಿ ಪ್ಯಾರಾಸಿಟಮಾಲ್ ಮಾತ್ರ ಇಟ್ಟೆವು. ಕನ್ನಡಕ, ಕಿವಿಯ ಮಷೀನು ಎರಡೂ ಮನೆಯವರ ಚೀಲದಲ್ಲೇ ಇದ್ದವು! ಕಣ್ಣು ಮಂಜು, ಕಿವಿ ಕೇಳದು, ಗೋಡೆ ಗುರುತಿಲ್ಲ, ದೀಪ ಆರಿಲ್ಲ. ಯಾರಿಗಾದರೂ ಬುದ್ಧಿ ತಪ್ಪೀತು. ಎರಡನ್ನೂ ಹಾಕಿಸಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿ, ಮನೆಯ ಕಂಬಳಿ ಹೊದಿಸಿದೆವು. ನಾಲ್ಕನೇ ದಿನ ಬೆಳಗ್ಗೆ ಅಜ್ಜಿ ನನ್ನನ್ನು ನೋಡಿ "ನಿಮ್ದು ತಿಂಡಿ ಆಯ್ತಾ?" ಎಂದು ಕೇಳಿದರು.

ಆ ಗೊಂದಲದ ಬಗ್ಗೆ ಈಗ ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೇ ಹೇಳುತ್ತೇನೆ. ಮೊದಲೇ ಕೇಳಿದವರು ಆ ರಾತ್ರಿ ಹೆದರುವುದಿಲ್ಲ, ಜೊತೆಗೆ ಕೂರುತ್ತಾರೆ.

ಅದೇ ತಿಂಗಳು ಇನ್ನೊಬ್ಬರಿಗೆ ಬೇಡವೆಂದೆ. ತೊಂಬತ್ತಮೂರು ವರ್ಷ. ಎಕ್ಸ್‌ರೇ ಅಜ್ಜಿಯದಕ್ಕಿಂತ ಕೆಟ್ಟದಾಗೇನೂ ಇರಲಿಲ್ಲ. ಆದರೆ ಅವರು ಎರಡು ವರ್ಷದಿಂದ ಮಕ್ಕಳನ್ನೇ ಗುರುತಿಸುತ್ತಿರಲಿಲ್ಲ, ಕೀಲು ಕೆಡುವ ಮುಂಚೆಯೇ ನಡೆಯುವುದು ನಿಂತಿತ್ತು, ಕಾಲು ಊದಿ ಉಸಿರು ಏರುವಷ್ಟು ಹೃದಯ ಸೋತಿತ್ತು. ಮಲಗಿದಾಗ ನೋವಿಲ್ಲ, ಮಗ್ಗುಲು ಬದಲಿಸುವಾಗ ಮಾತ್ರ. ನಾನು ಮಗನನ್ನು ಪಕ್ಕಕ್ಕೆ ಕರೆದು, ಹೊಸ ಕೀಲು ಹಾಕಿದರೂ ಇವರು ಏಳುವುದಿಲ್ಲ, ಟೇಬಲ್ ಮೇಲಿಂದ ಹಿಂದಿರುಗದೆಯೂ ಇರಬಹುದು ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು "ಹಾಗಾದ್ರೆ ನಾವು ಮಾಡಿಸ್ದೆ ಇದ್ರೆ ತಪ್ಪಲ್ವಲ್ಲ ಸಾರ್?" ಎಂದು ಕೇಳಿದರು. ತಪ್ಪಲ್ಲ ಎಂದು ಹೇಳುವುದೂ ನನ್ನ ಕೆಲಸವೇ. ಕೈಬಿಟ್ಟು ಕಳಿಸಲಿಲ್ಲ: ಗಾಳಿ ಹಾಸಿಗೆ, ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು, ಸ್ನಾನ ಮಾಡಿಸುವ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ, ಇಬ್ಬರು ಸೇರಿ ಬೆಡ್‌ಶೀಟ್ ಹಿಡಿದು ಹೊರಳಿಸುವ ರೀತಿ, ಎಲ್ಲವನ್ನೂ ನಮ್ಮ ಫಿಸಿಯೋ ಒಂದು ಮಧ್ಯಾಹ್ನವಿಡೀ ಕೂತು ಕಲಿಸಿದರು.

ಹಳೆಯ ಕೀಲಿನ ಸುತ್ತ ಮೂಳೆಯೇ ಮುರಿದು ಬಂದವರಲ್ಲಿ ಇಷ್ಟು ಯೋಚಿಸಲು ಸಮಯವಿರುವುದಿಲ್ಲ. ಆ ನೋವನ್ನು ಹಾಸಿಗೆಯಲ್ಲಿಟ್ಟು ನೋಡಿಕೊಳ್ಳುವುದು ಕಷ್ಟ, ಆದ್ದರಿಂದ ಒಂದೆರಡು ದಿನದೊಳಗೆ ಮಾಡಲು ನೋಡುತ್ತೇವೆ. ಅಲ್ಲೂ ಅಳತೆಗೋಲು ಅದೇ, ಮರುದಿನ ನಿಲ್ಲಬಹುದೇ ಎಂಬುದು.

ಅಜ್ಜಿ ಹನ್ನೊಂದನೇ ದಿನ ಮನೆಗೆ ಹೋದರು. ಹೋಗುವ ಮುಂಚೆ ಮೊಮ್ಮಗನಿಗೆ ಮನೆಯ ಫೋಟೋ ಕಳಿಸಲು ಹೇಳಿದ್ದೆ. ನಡುಮನೆಯಿಂದ ಬಚ್ಚಲಿಗೆ ಹದಿನೆಂಟು ಹೆಜ್ಜೆ, ನಡುವೆ ಎರಡು ಹೊಸ್ತಿಲು, ಬಚ್ಚಲ ಬಾಗಿಲಲ್ಲಿ ಸದಾ ಒದ್ದೆ ಕಲ್ಲು. ಹೊಸ್ತಿಲ ಪಕ್ಕದ ಗೋಡೆಗೆ ಹಿಡಿಕೆ ಕೂರಿಸಿದರು, ಒದ್ದೆ ಕಲ್ಲಿನ ಮೇಲೆ ಜಾರದ ರಬ್ಬರ್ ಹಾಸಿದರು, ದಾರಿಯುದ್ದಕ್ಕೂ ಸಣ್ಣ ರಾತ್ರಿ ದೀಪ, ಒಳಗೆ ಕಮೋಡ್ ಕುರ್ಚಿ. ವಾಕರ್ ದಾಟಲಾಗದ ಹೊಸ್ತಿಲ ಎತ್ತರವನ್ನೇ ವಾರ್ಡಿನಲ್ಲಿ ಹಲಗೆ ಇಟ್ಟು ಮಾಡಿಕೊಂಡು ಅಜ್ಜಿಗೆ ಅಭ್ಯಾಸ ಮಾಡಿಸಿದ್ದೆವು: ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ.

ಹದಿನಾಲ್ಕನೇ ದಿನದ ಕಲ್ಚರ್ ವರದಿಯಲ್ಲಿ ಏನೂ ಬೆಳೆದಿರಲಿಲ್ಲ. ಮೂರನೇ ತಿಂಗಳಿಗೆ ಬಂದಾಗ ಎಕ್ಸ್‌ರೇಯಲ್ಲಿ ಕಾಂಡ ಎರಡು ಮಿಲಿಮೀಟರ್ ಇಳಿದಿತ್ತು. ಈ ಬಗೆಯ ಕಾಂಡ ಮೊದಲ ತಿಂಗಳುಗಳಲ್ಲಿ ಅಷ್ಟು ಇಳಿದು ಕೂರುವುದುಂಟು. ಆರನೇ ತಿಂಗಳಿಗೆ ಅದೇ ಜಾಗದಲ್ಲಿತ್ತು. ಅಜ್ಜಿ ವಾಕರ್ ಬಿಟ್ಟು ಕೋಲಿಗೆ ಬಂದಿದ್ದರು. ತುಸು ವಾಲಿ ನಡೆಯುತ್ತಾರೆ, ಅದು ಹೋಗುವುದಿಲ್ಲ. ಅಡಕೆ ಸುಲಿಯಲು ಕೂರಲೇ ಎಂದು ಕೇಳಿದರು, ಎತ್ತರದ ಬೆಂಚಾದರೆ ಕೂರಿ, ನೆಲದ ಮೇಲೆ ಬೇಡ ಎಂದೆ.

ಎಕ್ಸ್‌ರೇ ನೋಡಿ ಮುಗಿಸಿದ ಮೇಲೆ ಸೊಸೆ ಬಾಗಿಲ ಹತ್ತಿರ ಹೋದವರು ತಿರುಗಿ ನಿಂತು, ಹೋದ ತಿಂಗಳು ತವರುಮನೆಗೆ ಹೋಗಿ ಎರಡು ರಾತ್ರಿ ಉಳಿದು ಬಂದೆ ಎಂದು ಹೇಳಿದರು.